ಕಾಯಿಲೆಯವರ ಮನೆಯ ಬಾಡಿಗೆ

ಕಾಯಿಲೆಯವರನ್ನು ನೋಡಲು ಹೋದಾಗ ನಾವು ಏನೇನು ವಿಚಾರಿಸುತ್ತೇವೆ, ಒಮ್ಮೆ ನೆನೆಸಿಕೊಳ್ಳಿ. ಯಾವ ಡಾಕ್ಟರು, ಊಟ ಸೇರುತ್ತದೆಯೇ, ರಾತ್ರಿ ನಿದ್ದೆ ಬಂತೇ. ಮೂಸಂಬಿ ಕೈಗಿಟ್ಟು, ಅಮೃತಬಳ್ಳಿ ಕಷಾಯದ ಗುಣವನ್ನೂ ಹೇಳಿ ಏಳುತ್ತೇವೆ. "ಈ ತಿಂಗಳ ಬಾಡಿಗೆಗೆ ಏನು ಮಾಡಿದಿರಿ?" ಎಂದು ಕೇಳಿದವರನ್ನು ನಾನಂತೂ ಕಾಣೆ. ಕೇಳಲು ಸಂಕೋಚ, ನಿಜ. ಆದರೆ ಮಲಗಿದವರು ಒಳಗೊಳಗೇ ಲೆಕ್ಕ ಹಾಕುತ್ತಿರುವುದು ಅದನ್ನೇ ಅಲ್ಲವೇ?

ಆ ಲೆಕ್ಕಕ್ಕೆ ಆಸರೆಯಾಗಬಲ್ಲದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಆ ಹೆಸರು ಕೇಳಿದರೆ ನಮ್ಮ ಬೆಂಗಳೂರಿನವರಿಗೆ ರಾಜಾಜಿನಗರದ ಆಸ್ಪತ್ರೆ ಕಣ್ಣ ಮುಂದೆ ಬರುತ್ತದೆ. ಅಲ್ಲಿನ ಕ್ಯೂ, ಔಷಧಿ ಕೌಂಟರು, ಹೊರಗಡೆ ಕಾಫಿ. ಇಎಸ್‌ಐ ಆಸ್ಪತ್ರೆಯಷ್ಟೇ ಅಲ್ಲ, ನಿಂತುಹೋದ ಸಂಬಳದ ಬಹುಪಾಲನ್ನು ಕೈಗೆ ಕೊಡುವ ವಿಮೆಯೂ ಹೌದು. ಇದನ್ನು ಎಷ್ಟು ಜನ ಮರೆತಿದ್ದಾರೆ!

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕುವ ಹೆಣ್ಣುಮಗಳೊಬ್ಬಳು, ಸಂಬಳ 15,000 ಅಂತಿಟ್ಟುಕೊಳ್ಳಿ. ತಿಂಗಳಿಗೆ ಅವಳಿಂದ ಹಿಡಿಯುವುದು ಶೇ. 0.75, ಅಂದರೆ ನೂರಾಹನ್ನೆರಡೂವರೆ ರೂಪಾಯಿ. ಮಾಲೀಕರು ಕಟ್ಟುವುದು ಶೇ. 3.25. ಆರು ತಿಂಗಳಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಕ್ಷಯವೋ ಕ್ಯಾನ್ಸರೋ ಆಗಿ, ಎರಡು ವರ್ಷದ ನೌಕರಿಯೂ ತಕ್ಕಷ್ಟು ವಂತಿಗೆಯೂ ಇದ್ದರೆ ಆಮೇಲೆ ಶೇ. 80, ಎರಡು ವರ್ಷದವರೆಗೂ. ತಿಂಗಳಿಗೆ ಹನ್ನೆರಡು ಸಾವಿರ! ಬಾಡಿಗೆ, ಅಕ್ಕಿ, ಮಗುವಿನ ಫೀಸು ನಡೆದುಹೋಗುತ್ತದೆ. ಇಎಸ್‌ಐ ಡಾಕ್ಟರ ಸರ್ಟಿಫಿಕೇಟು ಮಾತ್ರ ತಪ್ಪಬಾರದು. ಜ್ವರದ ಮೈಯಲ್ಲಿ ಆ ಕಾಗದ ಹಿಡಿದು ಓಡಾಡುವವರು ಯಾರು ಎನ್ನುತ್ತೀರಾ? ಅದಕ್ಕೇ ಮನೆಯಲ್ಲಿ ಇನ್ನೊಬ್ಬರಿಗೂ ಇದು ತಿಳಿದಿರಬೇಕು.

ಇದನ್ನೆಲ್ಲ ಯಾರು ಯೋಚಿಸಿದರು ಅಂದರೆ, ಪ್ರೊಫೆಸರ್ ಬಿ.ಪಿ. ಅದಾರ್ಕರ್. ಸ್ವಾತಂತ್ರ್ಯಕ್ಕೂ ಮೊದಲು, 1944ರಲ್ಲೇ ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ವರದಿ ಬರೆದುಕೊಟ್ಟರು. 1948ರಲ್ಲಿ ಕಾಯ್ದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಉದ್ಘಾಟಿಸಿದರು. ಕಾಯಿಲೆ ಭತ್ಯೆ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಅಂತಲೂ ಆ ಕಾಯ್ದೆಯಲ್ಲೇ ಬರೆದಿಟ್ಟರು. ನನಗೆ ಬಹಳ ಹಿಡಿಸಿದ ಸಾಲು ಅದು.

ಇನ್ನು ಸಂಬಳ 21,000 ದಾಟಿದವರ ಕಥೆ ಬೇರೆ. ಅವರು ಈ ಬೇಲಿಯ ಹೊರಗೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾಡಿಸಿದ್ದರೆ ದೊಡ್ಡ ಕಾಯಿಲೆ ಖಚಿತವಾದಾಗ ಒಂದೇ ಗಂಟು ಬರುತ್ತದೆ. ನನಗೇನೋ ತಿಂಗಳು ತಿಂಗಳು ಬರುವುದೇ ಮೇಲು. ಗಂಟು ಬಂತೆಂದರೆ ಹಳೇ ಸಾಲದವರೆಲ್ಲ ಬಾಗಿಲಿಗೆ ಬರುತ್ತಾರೆ. ಇಬ್ಬರೇ ಕೂತು ಹೊಲಿಯುವ ಬೀದಿ ಬದಿಯ ಟೈಲರ್ ಅಂಗಡಿಗೆ ಎರಡೂ ಇಲ್ಲ. ಅವರ ವಿಮೆ ಅಂದರೆ ಚೀಟಿ ಹಣ, ಕೈಸಾಲ, ಹೆಂಡತಿಯ ಬಳೆ. ಚೀಟಿಯನ್ನು ಅವಸರಕ್ಕೆ ಕೂಗಿದರೆ ಎಷ್ಟು ಕಳೆದುಕೊಳ್ಳಬೇಕು ಗೊತ್ತೇ?