‘ಸರ್ವರ್ ಇಲ್ಲ’ ಅಂದಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಹಳ್ಳಿಯವರು ಈ ಮಾತು ಕೇಳದ ವಾರವಿಲ್ಲ. ಸರ್ವರ್ ಇರುವುದು ಬೆಂಗಳೂರಲ್ಲೋ ದಿಲ್ಲಿಯಲ್ಲೋ, ನಾವು ಯಾರನ್ನು ಕೇಳೋಣ ಅಂತ ಸುಮ್ಮನೆ ವಾಪಸ್ ಬರುತ್ತೇವೆ. ಆದರೆ ಕೆಲವು ಸಲ ಸರ್ವರ್ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಎದುರಿನ ಮೇಜಿನ ಮೇಲೇ ಇರುತ್ತದೆ.

ಪಕ್ಕದೂರಿನ ಸೇವಾ ಕೇಂದ್ರವೊಂದರಲ್ಲಿ ಹೋದ ಮಳೆಗಾಲ ಹೀಗೇ ಆಯಿತು. ಹೆಬ್ಬೆಟ್ಟು ಕೊಟ್ಟು ಪಿಂಚಣಿ ದುಡ್ಡು ಬಿಡಿಸಿಕೊಳ್ಳಲು ಬಂದ ಅಜ್ಜಿಯೊಬ್ಬರು ಒಂದೇ ವಾರದಲ್ಲಿ ಮೂರು ಸಲ ಬರಿಗೈಲಿ ಹೋದರು. ‘ನನ್ನ ಬೆರಳೇ ಸವೆದೋಗೈತೇನೋ ಮಗಾ’ ಅಂತ ತಮ್ಮನ್ನೇ ಬೈದುಕೊಂಡರು. ತಪ್ಪು ಬೆರಳಿನದಲ್ಲ. ಬೆರಳಿಟ್ಟ ಕೂಡಲೇ ಕಂಪ್ಯೂಟರ್ ಪರದೆ ನೀಲಿಯಾಗಿ, ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಸುದ್ದಿಗೆಂದು ಹೋದ ನಾವು ಕೇಂದ್ರದ ಹುಡುಗನ ಜೊತೆ ಕೂತು ಕಾರಣ ಹುಡುಕತೊಡಗಿದೆವು.

ಪೇಟೆಯ ರಿಪೇರಿಯವರು ‘ಫಾರ್ಮ್ಯಾಟ್ ಹೊಡೀರಿ’ ಅಂದಿದ್ದರಂತೆ. ಬೇಡ ಅಂದೆವು. ಫಾರ್ಮ್ಯಾಟ್ ಮಾಡಿದರೆ ಜನರ ಅರ್ಜಿಗಳ ಜೊತೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ಮೊದಲು ಡ್ರೈವರ್ ಅಂದರೇನು ಹೇಳಿಬಿಡುತ್ತೇವೆ. ಪ್ರಿಂಟರ್, ಕ್ಯಾಮೆರಾ, ಥಂಬ್ ಮಷಿನ್, ಇವುಗಳ ಭಾಷೆ ವಿಂಡೋಸ್‌ಗೆ ಬರುವುದಿಲ್ಲ. ನಡುವೆ ನಿಂತು ಮಾತು ಮುಟ್ಟಿಸುವ ಪುಟ್ಟ ಪ್ರೋಗ್ರಾಂ ಡ್ರೈವರ್. ಮಾಮೂಲಿ ಆ್ಯಪ್ ಕೆಟ್ಟರೆ ಒಂದು ಮನೆಯ ಫ್ಯೂಸ್ ಹೋದ ಹಾಗೆ, ಪಕ್ಕದ ಮನೆ ಉರಿಯುತ್ತಲೇ ಇರುತ್ತದೆ. ಬಹಳಷ್ಟು ಡ್ರೈವರ್‌ಗಳು ಮಾತ್ರ ಕರ್ನಲ್ ಎಂಬ ಒಳಮನೆಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಕೆಟ್ಟರೆ ಟಿಸಿ ಸುಟ್ಟ ಹಾಗೆ, ಇಡೀ ಬೀದಿ ಕತ್ತಲು. ಇನ್ನಷ್ಟು ಹಾಳಾಗದಿರಲಿ ಅಂತ ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸುತ್ತದೆ. ಆ ನೀಲಿ ಪರದೆ ಅದೇ.

ನಾವು ಮಾಡಿದ ಮೊದಲ ಕೆಲಸ ಒಂದು ನೋಟ್‌ಬುಕ್ ಇಟ್ಟದ್ದು. ಎಷ್ಟು ಹೊತ್ತಿಗೆ ಕೆಟ್ಟಿತು, ಆಗ ಏನು ಮಾಡುತ್ತಿದ್ದರು, ಅದಕ್ಕೂ ಮೊದಲು ಏನಾಗಿತ್ತು, ಇಷ್ಟೇ. ನಾಲ್ಕು ದಿನದಲ್ಲಿ ಎಂಟು ಸಲ ಕೆಟ್ಟಿತು. ಎಂಟೂ ಸಲ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಎದ್ದಮೇಲಿನ ಮೊದಲ ಹೆಬ್ಬೆಟ್ಟಿಗೇ! ಊಟದ ಹೊತ್ತು ಕಳೆದು ಬಂದವರಿಗೇ ಹೆಚ್ಚು ತೊಂದರೆ ಯಾಕೆ ಅನ್ನುವುದು ಆಗ ಗೊತ್ತಾಯಿತು.

ರ‍್ಯಾಮ್ ಕೆಟ್ಟಿರಬಹುದೆಂಬ ಅನುಮಾನವಿತ್ತು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆ ಓಡಿಸಿದೆವು, ದೋಷ ಸಿಗಲಿಲ್ಲ. ಆಮೇಲೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ‘ಮಿನಿಡಂಪ್’ ತೆರೆದೆವು. ನೀಲಿ ಪರದೆ ಬಂದಾಗ ವಿಂಡೋಸ್ ಸಾಮಾನ್ಯವಾಗಿ ಅಲ್ಲೊಂದು ಸಣ್ಣ ಫೈಲು ಬರೆದಿಡುತ್ತದೆ. ಪೊಲೀಸರ ಮಹಜರು ಇದ್ದ ಹಾಗೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿನ್‌ಡಿಬಿಜಿ ಎಂಬ ಸಾಧನದಲ್ಲಿ ಅದನ್ನು ಓದಬಹುದು.

ಮೊದಲ ಫೈಲಿನಲ್ಲಿ ಬಂದದ್ದು ವಿಂಡೋಸ್‌ನದೇ ತಿರುಳಿನ ಹೆಸರು. ಹುಡುಗ ‘ವಿಂಡೋಸೇ ಸರಿಯಿಲ್ಲ ಅಣ್ಣ’ ಅಂದ. ಹೆಣದ ಪಕ್ಕ ನಿಂತವನೇ ಕೊಲೆಗಾರ ಅಂತ ಬರೆದುಬಿಡಬಾರದು ಎಂಬುದು ನಮ್ಮ ಕಸುಬಿನ ಪಾಠ. ಉಳಿದ ಫೈಲುಗಳನ್ನೂ ತೆರೆದೆವು. ಐದರಲ್ಲಿ ಒಂದೇ ಹೆಸರು, ಥಂಬ್ ಮಷಿನ್‌ನ ಡ್ರೈವರ್. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ತಾರೀಖು ನೋಡಿದರೆ ಬಹಳ ಹಳೆಯದು. ನಡುವೆ ವಿಂಡೋಸ್ ಎಷ್ಟೋ ಸಲ ಅಪ್‌ಡೇಟ್ ಆಗಿತ್ತು.

ಆದರೂ ತಕ್ಷಣ ಬದಲಿಸಲಿಲ್ಲ. ಬೇಕೆಂದೇ ಸ್ಲೀಪ್‌ಗೆ ಹಾಕಿ, ಎಬ್ಬಿಸಿ, ಬೆರಳಿಟ್ಟೆವು. ಮೂರಕ್ಕೆ ಮೂರು ಸಲವೂ ನೀಲಿ. ಬೇಕೆಂದಾಗ ಕೆಡಿಸಲು ಬಂದರೆ ಅರ್ಧ ಗೆದ್ದಂತೆ. ಆಮೇಲೆ ಹಳೆಯ ಡ್ರೈವರ್ ತೆಗೆದು, ತಯಾರಕರ ಜಾಲತಾಣದಿಂದಲೇ ಹೊಸದನ್ನು ಹಾಕಿದೆವು. ಬೇರೇನನ್ನೂ ಮುಟ್ಟಲಿಲ್ಲ. ಮತ್ತೆ ಇಪ್ಪತ್ತು ಸಲ ಮಲಗಿಸಿ ಎಬ್ಬಿಸಿದೆವು. ಒಮ್ಮೆಯೂ ನೀಲಿಯಾಗಲಿಲ್ಲ. ಮರುದಿನ ಅಜ್ಜಿಗೆ ಹೇಳಿಕಳಿಸಿದ, ಅವರ ದುಡ್ಡು ಅವರ ಕೈಸೇರಿತು.

ದೊಡ್ಡವರ ಮನೆಯಲ್ಲೂ ಇದೇ ಕಥೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದಲ್ಲೂ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅದು ಯಾವ ಮಷಿನ್‌ನ ಡ್ರೈವರೂ ಅಲ್ಲ, ಆದರೆ ಕೂತದ್ದು ಅದೇ ಒಳಮನೆಯಲ್ಲಿ. ಕಾರಣ ಹುಡುಕಿದಾಗ ಸಿಕ್ಕಿದ್ದಿಷ್ಟು: ಪ್ರೋಗ್ರಾಂ ಕೊಡುತ್ತಿದ್ದುದು 20 ಮಾಹಿತಿ, ಹೊಸ ಫೈಲು 21ನೆಯದನ್ನೂ ನೋಡಲು ಹೇಳಿತು. ಇಲ್ಲದ ಜಾಗಕ್ಕೆ ಕೈಹಾಕಿ ಎಲ್ಲ ಕುಸಿಯಿತು. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂದೆಗೆದುಕೊಂಡರೂ, ಕೆಟ್ಟ ಯಂತ್ರಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಸೇಫ್ ಮೋಡ್‌ನಲ್ಲಿ ತೆರೆದು ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು.

ಹಾಗಾಗಿ ಕೇಂದ್ರ ನಡೆಸುವ ಗೆಳೆಯರಿಗೆ ನಮ್ಮ ಮಾತು: ನೀಲಿ ಪರದೆ ಬಂದರೆ ಮೊಬೈಲಲ್ಲಿ ಫೋಟೋ ತೆಗೆಯಿರಿ, ಹೊತ್ತು ಬರೆದಿಡಿ, ಫಾರ್ಮ್ಯಾಟ್ ಕೊನೆಗಿರಲಿ. ಸಾಲಿನಲ್ಲಿ ನಿಂತವರಿಗೂ ಒಂದು ಮಾತು. ‘ಸರ್ವರ್ ಇಲ್ಲ’ ಅಂದಾಗ ‘ಪರದೆ ಮೇಲೆ ಏನು ಬರೆದಿದೆ, ಸ್ವಲ್ಪ ಓದಿ ಹೇಳಪ್ಪಾ’ ಅಂತ ಕೇಳಿ. ಕೇಳುವುದಕ್ಕೆ ದುಡ್ಡು ಬೇಕಿಲ್ಲ. ಒಂದು ದಿನದ ಕೂಲಿ ಉಳಿದರೂ ಉಳಿಯಬಹುದು.