ಲೇಹ್‌ನಲ್ಲಿ ಕಂಡ ಗಜರಾಜ

ಲೇಹ್ ತಲುಪಿದ ಮರುದಿನ ಬೆಳಿಗ್ಗೆ ಕಿಟಕಿಯ ಗಾಜು ಗಡಗಡ ನಡುಗಿತು. ನಿದ್ದೆಗಣ್ಣಲ್ಲೇ ಎದ್ದು ಕುಳಿತೆ. ನಾನು ಇಳಿದುಕೊಂಡಿದ್ದ ಮನೆಯ ಲಡಾಖಿ ಅಜ್ಜ ಉಪ್ಪು, ಬೆಣ್ಣೆ ಹಾಕಿದ ಚಹಾ ತಂದಿಟ್ಟು, ಆಕಾಶದ ಕಡೆ ಕೈ ತೋರಿಸಿ ಒಂದೇ ಮಾತು ಹೇಳಿದ: “ಗಜರಾಜ್.”

ನಾನು ಗಜೇಂದ್ರಗಡದವನು. ಆನೆಯಂತೆ ಕಾಣುವ ಗುಡ್ಡದ ನೆರಳಿನಲ್ಲಿ ಬೆಳೆದವನು. ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿ, ಬಿರುಬೇಸಿಗೆಯಲ್ಲೂ ಬತ್ತದ ಅಂತರಗಂಗೆಯ ಹನಿಗೆ ಬೊಗಸೆಯೊಡ್ಡಿದವನು. ಊರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಒಂದು ಹಸಿರೆಲೆ ಕಾಣದ ಮಾರ್ಚ್ ತಿಂಗಳ ಚಳಿಯಲ್ಲಿ, ನನ್ನೂರಿನ ಹೆಸರನ್ನೇ ಅರ್ಧ ಕೂಗಿದಂತೆ ಆ ಮಾತು ಕೇಳಿಸಿತು. ಆ ಗಜರಾಜನನ್ನು ಕಣ್ಣಾರೆ ನೋಡಲೇಬೇಕೆನಿಸಿತು.

“ಸ್ಪಿತುಕ್ ಗೊಂಪಾಕ್ಕೆ ಹೋಗು, ಬೆಳಿಗ್ಗೆಯೇ ಹೋಗು” ಎಂದ ಅಜ್ಜ. ಬೆಳಿಗ್ಗೆಯೇ ಏಕೆ? ಲೇಹ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 10,682 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರದ ದಂಡೆಯಲ್ಲಿ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನಾಲ್ಕು ಮೆಟ್ಟಿಲು ಹತ್ತಿದರೆ ನಮಗೆ ಏದುಸಿರು ಬರುವಂತೆ ವಿಮಾನದ ಎಂಜಿನ್ನಿಗೂ ಉಸಿರು ಸಾಲದು, ರೆಕ್ಕೆಗೂ ಆತುಕೊಳ್ಳಲು ಗಾಳಿ ಸಾಲದು. ಬಿಸಿಲೇರಿದರೆ ಗಾಳಿ ಮತ್ತಷ್ಟು ತೆಳುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಸುಳಿಗಾಳಿ ಏಳುತ್ತದೆ. ಹಾಗಾಗಿ ಇಲ್ಲಿ ವಿಮಾನಗಳು ಬಂದು ಹೋಗುವ ಕೆಲಸವೆಲ್ಲ ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು.

ಸ್ಪಿತುಕ್ ಗೊಂಪಾ, ಅಂದರೆ ಬೌದ್ಧ ವಿಹಾರ, ರನ್‌ವೇಯ ಪಕ್ಕದ ಗುಡ್ಡದ ಮೇಲಿದೆ. ಒಂದು ಕಡೆ ಸಿಂಧೂ ನದಿ, ಇನ್ನೊಂದು ಕಡೆ ಡಾಂಬರಿನ ಪಟ್ಟಿ. ವಿಮಾನ ನಿಲ್ದಾಣದ ಫೋಟೊ ತೆಗೆಯುವಂತಿಲ್ಲ. ಕ್ಯಾಮೆರಾ ಚೀಲದಲ್ಲೇ ಇಟ್ಟು ಕುಳಿತೆ. ಅರ್ಧ ತಾಸಿನ ಮೇಲೆ ಕಣಿವೆಯ ಬಾಯಲ್ಲಿ ಬೂದುಬಣ್ಣದ ಒಂದು ಚುಕ್ಕೆ ಕಂಡಿತು. ನೋಡನೋಡುತ್ತ ಅದು ಬೆಳೆಯಿತು. ಬೆನ್ನ ಮೇಲೆ ಹೊತ್ತಂತಿರುವ ಅಗಲ ರೆಕ್ಕೆ, ಅದರಡಿ ನಾಲ್ಕು ಎಂಜಿನ್, ಮೂತಿಯ ಕೆಳಗೆ ದಾರಿ ನೋಡುವವನಿಗಾಗಿ ಗಾಜಿನ ಕೋಣೆ. ಗುಡ್ಡದ ಪಕ್ಕದಲ್ಲೇ ಹಾಯ್ದು ನೆಲ ಮುಟ್ಟಿದಾಗ ಕೆಳಗಿನಿಂದ ದೂಳೆದ್ದಿತು. ಇದೇ ಇಲ್ಯೂಷಿನ್-76. ನಮ್ಮ ವಾಯುಪಡೆ ಇದಕ್ಕೆ ಗಜರಾಜ ಎಂದು ಹೆಸರಿಟ್ಟಿದೆ.

ಇದನ್ನು ರೂಪಿಸಿದವರು ಸೋವಿಯತ್ ದೇಶದ ಇಲ್ಯೂಷಿನ್ ಸಂಸ್ಥೆಯ ಎಂಜಿನಿಯರುಗಳು. ಅವರ ಮುಂದಿದ್ದ ಬೇಡಿಕೆ ಸಣ್ಣದಲ್ಲ. 40 ಟನ್ ಭಾರ ಹೊತ್ತು ಆರು ತಾಸಿನೊಳಗೆ 5,000 ಕಿಲೋಮೀಟರ್ ಹಾರಬೇಕು, ಸೈಬೀರಿಯಾದ ಚಳಿ ತಡೆಯಬೇಕು, ಡಾಂಬರಿಲ್ಲದ ಕಚ್ಚಾ ನೆಲದಲ್ಲೂ ಇಳಿಯಬೇಕು. ಅದಕ್ಕೇ ಇದಕ್ಕೆ ಇಪ್ಪತ್ತು ಚಕ್ರ. ನೆಲದ ಗಟ್ಟಿತನಕ್ಕೆ ತಕ್ಕಂತೆ ಹಾರುತ್ತಲೇ ಟೈರಿನ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಕಲ್ಲು ಮಣ್ಣು ಎಂಜಿನ್ನಿಗೆ ಸಿಡಿಯದಿರಲೆಂದೇ ರೆಕ್ಕೆ ಅಷ್ಟು ಮೇಲಿದೆ. 1971ರ ಮಾರ್ಚ್ 25ರಂದು ಮೊದಲು ಹಾರಿತು. ತಾಷ್ಕೆಂಟಿನ ಕಾರ್ಖಾನೆಯಲ್ಲಿ ತಯಾರಾಗಿ 1985ರಲ್ಲಿ ಭಾರತಕ್ಕೆ ಬಂತು. ಮೈಸೂರು ದಸರೆಯ ಅಂಬಾರಿ 750 ಕಿಲೋ ತೂಗುತ್ತದೆ. ಅಂಥ ಐವತ್ತಕ್ಕೂ ಹೆಚ್ಚು ಅಂಬಾರಿಗಳ ಭಾರವನ್ನು ಈ ಆನೆ ಒಮ್ಮೆಗೇ ಹೊರಬಲ್ಲದು. 1988ರ ನವೆಂಬರ್ 3ರಂದು ಮಾಲ್ದೀವ್ಸ್‌ನಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ, ಅದೇ ರಾತ್ರಿ ಆಗ್ರಾದಿಂದ ನಮ್ಮ ಯೋಧರನ್ನು ಹೊತ್ತು ಎಲ್ಲೂ ನಿಲ್ಲದೆ ಸಮುದ್ರ ದಾಟಿ ಇಳಿದದ್ದೂ ಇದೇ. ಬೆಂಗಳೂರಿನ ಜಿಟಿಆರ್‌ಇ ಎಂಬ ಸಂಶೋಧನಾ ಸಂಸ್ಥೆ ರೂಪಿಸಿದ ‘ಕಾವೇರಿ’ ಎಂಜಿನ್ನನ್ನು 2010ರ ನವೆಂಬರಿನಲ್ಲಿ ಮಾಸ್ಕೋ ಬಳಿ ಪರೀಕ್ಷೆಗಾಗಿ ಹಾರಿಸಿದ್ದೂ ಇದೇ ಜಾತಿಯ ವಿಮಾನದ ರೆಕ್ಕೆಗೆ ಕಟ್ಟಿ.

ಮನೆಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗ ಥಟ್ಟನೆ ತಿರುಗಿದ.

“ಯಾವೂರ್ರೀ ಸರ ನಿಮ್ದು?”

“ಗಜೇಂದ್ರಗಡ.”

“ನಮ್ದು ರೋಣದ ಹತ್ರರೀ!” ಮುಖವೆಲ್ಲ ಅರಳಿತು. ಸೈನ್ಯದಲ್ಲಿದ್ದಾನೆ, ಅಂದು ಬಿಡುವು. ಕೆಳಗೆ ನಿಂತಿದ್ದ ವಿಮಾನ ತೋರಿಸಿದ. “ಅದರಾಗ ಬಂದೇನ್ರೀ ನಾನು. ರಜಾ ಮುಗಿಸಿ ಬರೋ ಮುಂದ ಚಂಡೀಗಢದಾಗ ನಾಕ್ ದಿನ ಕಾದ್ವಿ, ಹವಾ ಸರಿ ಇರ್ಲಿಲ್ಲ. ಒಳಗ ಕುಂತ್ರ ಎಪಿಎಂಸಿ ಗೋದಾಮಿನ್ಯಾಗ ಕುಂತಂಗ ಆಕ್ಕತಿ. ಬಾಜೂಕ ನಾವು, ನಡುವ ಸಾಮಾನು. ಮಾತಾಡಿದ್ದು ಒಬ್ಬರಿಗೊಬ್ಬರಿಗೆ ಕೇಳಂಗಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: “ರಜಾ ಸಿಗೋದು ದೊಡ್ಡದಲ್ರೀ. ಚೀಟಿ ಕೈಯಾಗ ಹಿಡಕೊಂಡು ವಿಮಾನದ ದಾರಿ ಕಾಯೋದು ದೊಡ್ಡದು.”

ಲೇಹ್‌ಗೆ ಬರುವ ಝೋಜಿ ಲಾ ಕಣಿವೆಯ ದಾರಿ ಆಗಿನ್ನೂ ಹಿಮದಡಿ ಇತ್ತು. ಅಂಥ ದಿನಗಳಲ್ಲಿ ಗಡಿಯ ಸೈನಿಕನಿಗೆ ಹಿಟ್ಟು, ಉಳ್ಳಾಗಡ್ಡಿ, ಔಷಧ, ಊರಿನ ಪತ್ರ ಬರಬೇಕಾದದ್ದು ಆಕಾಶದಿಂದಲೇ. ಕೆಳಗೆ ಬಾಲದ ಬಾಗಿಲು ತೆರೆದುಕೊಂಡಿತು. ಮನುಷ್ಯರು ಇರುವೆಗಳಂತೆ ಒಳಹೊಕ್ಕು ಹೊರಬಂದರು.

ಈ ನೆಲದ ಮೇಲೆ ಮೊದಲ ವಿಮಾನ ಇಳಿದ ದಿನ 1948ರ ಮೇ 24. ಲಡಾಖಿನ ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಸೇರಿಸಿಕೊಂಡು ನೆಲ ಸಮ ಮಾಡಿಸಿದ್ದರು. ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ನಕ್ಷೆಯೇ ಸರಿಯಿಲ್ಲದ ಪರ್ವತಗಳ ಮೇಲೆ ಹಾರಿಸಿ ತಂದರು. ಅವರ ಜೊತೆಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯ. ಡಕೋಟಾಕ್ಕೆ ಎರಡೇ ಎಂಜಿನ್; ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧ ವಿಮಾನಗಳ ದುರಸ್ತಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ಡಕೋಟಾಗಳನ್ನು ನಾಗರಿಕ ವಿಮಾನಗಳಾಗಿ ಮಾರ್ಪಡಿಸಿದ್ದೂ ಅಲ್ಲೇ. ನಮ್ಮ ನಾಡಿನ ಕೈ ಈ ಕಥೆಯಲ್ಲಿ ಮೊದಲಿನಿಂದಲೂ ಇದೆ.

ಆ ಕೈಗೆ ನೋವಿನ ನೆನಪೂ ಇದೆ. ನಮ್ಮ ಪಕ್ಕದ ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಹೂತುಹೋದರು. ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕಾಗ ಅವರನ್ನು ದಿಲ್ಲಿಗೆ ಸಾಗಿಸಿದ್ದು ವಿಮಾನದಲ್ಲಿ. ಫೆಬ್ರವರಿ 11ರಂದು ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ತಂದದ್ದೂ ವಿಮಾನದಲ್ಲೇ. ಅವರ ಹೆಸರೆತ್ತಿದಾಗ ರೋಣದ ಹುಡುಗ ಟೊಪ್ಪಿಗೆ ತೆಗೆದ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಬಿಸಿಲು ಚುರುಕಾಗುವ ಮೊದಲೇ ಗಜರಾಜ ತಿರುಗಿ ನಿಂತು, ರನ್‌ವೇಯುದ್ದಕ್ಕೂ ಓಡಿ, ಸಿಂಧೂ ಹರಿಯುವ ದಿಕ್ಕಿಗೇ ಎದ್ದು ಹೋಯಿತು. ಗುಂಡು ಹಾರಿಸುವ ವಿಮಾನಗಳ ಸಾಹಸವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಭಾರ ಹೊರುವ ವಿಮಾನದ ಕಥೆ ಹೇಳುವುದು ಕಡಿಮೆ. ನರಗುಂದದ ಗುಡ್ಡ ಹತ್ತಿ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬನನ್ನು ನೆನೆಯುವ ನಾವು ಒಂದನ್ನು ತಿಳಿದಿದ್ದೇವೆ: ಕೋಟೆ ಉಳಿಯಬೇಕಾದರೆ ಕತ್ತಿಯಷ್ಟೇ ಕಾಳೂ ಬೇಕು. ಲಡಾಖ್ ಎಂಬ ಆ ಮಹಾಕೋಟೆಗೆ ಕಾಳು ಮುಟ್ಟಿಸುವವನು ಈ ಗಜರಾಜ.

ನಮ್ಮ ಕಡೆಯಿಂದ ಲೇಹ್‌ಗೆ ಹೋಗುವವರಿಗೆ ನನ್ನದೊಂದು ಮಾತು. ಪ್ಯಾಂಗಾಂಗ್ ಸರೋವರ ನೋಡಿ, ಹುಂದರ್‌ನ ಎರಡು ಡುಬ್ಬದ ಒಂಟೆ ನೋಡಿ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಕ್ಯಾಮೆರಾ ಬಿಟ್ಟು ಸ್ಪಿತುಕ್ ಗುಡ್ಡಕ್ಕೆ ಹೋಗಿ ಕುಳಿತುಕೊಳ್ಳಿ. ಗಟ್ಟಿಯಾಗಿ ಕನ್ನಡ ಮಾತಾಡಿ. ಊರಿನ ಮಾತಿಗಾಗಿ ಕಾಯುತ್ತಿರುವ ನಮ್ಮ ಹುಡುಗನೊಬ್ಬ ಅಲ್ಲಿ ನಿಂತಿರಬಹುದು.