ಹೂಜಿ ಇಡುವ ಗೂಡಿನ ಪದ್ಯ

ಗ್ರನಾಡಾ, ಸ್ಪೇನ್

ಪ್ರೀತಿಯ ಅಕ್ಕ,

ಅಲ್‌ಹಂಬ್ರಾ ಅರಮನೆ ನೋಡಿ ಬಂದೆ. ಕಂಬ, ಕಮಾನು, ಕಾರಂಜಿಗಳ ಫೋಟೊ ಆಗಲೇ ನಿನ್ನ ಮೊಬೈಲಿಗೆ ಬಂದಿರಬೇಕು. ಫೋಟೊದಲ್ಲಿ ಬರೀ ಬಳ್ಳಿಯ ಚಿತ್ತಾರದಂತೆ ಕಾಣುವುದರಲ್ಲಿ ಎಷ್ಟೋ ಭಾಗ ಅರಬ್ಬಿ ಬರಹ. ಅದನ್ನು ಹೇಳಲೆಂದೇ ಈ ಪತ್ರ.

ಅಲ್‌ಹಂಬ್ರಾದೊಳಗಿನ ಕೊಮಾರೆಸ್ ಅರಮನೆಯಲ್ಲಿ ದರ್ಬಾರಿಗೆ ಹೋಗುವ ದಾರಿಯ ಕಮಾನಿನ ಒಳಮೈಯಲ್ಲಿ, ಗೋಡೆಯ ದಪ್ಪದೊಳಗೇ ಎದುರುಬದುರಾಗಿ ಎರಡು ಪುಟ್ಟ ಗೂಡುಗಳಿವೆ. ನೀರಿನ ಹೂಜಿ ಇಡುತ್ತಿದ್ದ ಜಾಗವದು. ಸುತ್ತಲೂ ಪದ್ಯ ಕೆತ್ತಿದ್ದಾರೆ. ಅದರಲ್ಲಿ ಹೂಜಿಯನ್ನು ನಮಾಜಿಗೆ ನಿಂತವನಿಗೆ ಹೋಲಿಸಿದೆ. ಗೂಡಿನ ಆಕಾರವೂ ಮಸೀದಿಯಲ್ಲಿ ನಮಾಜಿನ ದಿಕ್ಕು ತೋರುವ ಗೂಡಾದ ಮಿಹ್ರಾಬನ್ನೇ ನೆನಪಿಸುತ್ತದೆ. ಪದ್ಯವನ್ನು ಕಿತ್ತು ಬೇರೆ ಗೋಡೆಗೆ ಹಾಕಿದರೆ ಅದರ ಜೀವವೇ ಹೋಗುತ್ತದೆ. ಪದ್ಯ ಅಳಿಸಿದರೆ ಉಳಿಯುವುದು ಬರೀ ಗೂಡು. ಇಡೀ ಅರಮನೆಯಲ್ಲಿ ನನ್ನ ಮನಸ್ಸು ಗೆದ್ದದ್ದು ಇದೇ.

ಈ ಅರಮನೆ, ಬರಹ ಎಲ್ಲ ಬಹುಪಾಲು 14ನೇ ಶತಮಾನದ್ದು, ಸುಲ್ತಾನ ಒಂದನೇ ಯೂಸುಫ್ ಮತ್ತು ಅವನ ಮಗ ಐದನೇ ಮುಹಮ್ಮದನ ಕಾಲದ್ದು. ಇಲ್ಲಿನ ಗೋಡೆಗಳಿಗೆ ಪದ್ಯ ಬರೆದ ಇಬ್ನ್ ಅಲ್-ಜಯ್ಯಾಬ್, ಇಬ್ನ್ ಅಲ್-ಖತೀಬ್, ಇಬ್ನ್ ಜಮ್ರಕ್ ಎಂಬ ಮೂವರು ಕವಿಗಳೂ ಒಬ್ಬರಾದ ಮೇಲೊಬ್ಬರು ಸುಲ್ತಾನರ ಪತ್ರವ್ಯವಹಾರದ ಕಚೇರಿ ನಡೆಸಿದವರು, ವಜೀರರಾದವರು. ಹಾಗಾಗಿ ಇಲ್ಲಿ ಪದ್ಯವೂ ರಾಜ್ಯದ ಕೆಲಸವೇ.

'ಇಬ್ಬರು ಸೋದರಿಯರ ಕೋಣೆ'ಯಲ್ಲಿ ಇಬ್ನ್ ಜಮ್ರಕನ 24 ದ್ವಿಪದಿಗಳು ಬಣ್ಣದ ಟೈಲ್ಸ್ ಮುಗಿಯುವಲ್ಲಿ, ಗಾರೆಯಲ್ಲಿ ಸಾಲಾಗಿ ಸುತ್ತುತ್ತವೆ. ಓದಬೇಕೆಂದರೆ ಕೋಣೆಯನ್ನು ಒಂದು ಸುತ್ತು ಹಾಕಲೇಬೇಕು. ಅಲ್ಲಿ 'ನಾನು' ಎನ್ನುವುದು ಕವಿಯಲ್ಲ, ಆ ಕೋಣೆ! ಅದು ತನ್ನ ಗುಮ್ಮಟವನ್ನು ಹೊಗಳಿಕೊಳ್ಳುವಾಗ ಓದುವವರ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಸಿಂಹಗಳ ಕಾರಂಜಿಯದೂ ಇದೇ ರೀತಿ. ತೊಟ್ಟಿಗೆ 12 ಮುಖ, ಕೆಳಗೆ 12 ಸಿಂಹ, ಮುಖಕ್ಕೊಂದು ದ್ವಿಪದಿ. ಹರಿಯುವುದು ನೀರೋ ಅಮೃತಶಿಲೆಯೋ ಎಂದು ಪದ್ಯ ಬೆರಗಾಗುತ್ತದೆ. ನೀರು ತುಂಬಿ ಹೊಳೆಯುವಾಗ ನೋಡಿದರೆ ಅದು ಅತಿಶಯೋಕ್ತಿ ಅನಿಸುವುದೇ ಇಲ್ಲ.

ದರ್ಬಾರಿನಲ್ಲಿ ಮಾತ್ರ ಕವಿಗಳ ಮಾತು ಕೆಳಗೇ ಉಳಿಯುತ್ತದೆ. ಮೇಲೆ, ನಕ್ಷತ್ರಗಳನ್ನು ಜೋಡಿಸಿದ ಮರದ ಚಾವಣಿಯ ಬುಡದಲ್ಲಿ, ಕುರಾನಿನ 67ನೇ ಅಧ್ಯಾಯವಿದೆ. ಅದು ಏಳು ಆಕಾಶಗಳ ಸೃಷ್ಟಿಯನ್ನು ಹೇಳುವ ಅಧ್ಯಾಯ. ಯಾವ ಮಾತು ಯಾವ ಎತ್ತರದಲ್ಲಿರಬೇಕೆಂದು ಅವರು ಎಷ್ಟು ಯೋಚಿಸಿದ್ದರು ನೋಡು.

'ಅಲ್ಲಾಹನಲ್ಲದೆ ಜಯಶಾಲಿಯಿಲ್ಲ' ಎಂಬ ಆ ಸುಲ್ತಾನರ ವಂಶದ ಘೋಷವಾಕ್ಯವಂತೂ ಕಣ್ಣು ಹಾಯಿಸಿದಲ್ಲೆಲ್ಲ ಇದೆ. 1492ರಲ್ಲಿ ಗ್ರನಾಡಾ ಕ್ಯಾಥೊಲಿಕ್ ದೊರೆಗಳ ಕೈಸೇರಿದ ಮೇಲೂ ಅದು ಉಳಿಯಿತು. ಮುಂದೆ ಅರಮನೆಯ ಮೆಶುವಾರ್ ಕೋಣೆಯ ಟೈಲ್ಸ್ ಮೇಲೆ ಚಕ್ರವರ್ತಿ ಐದನೇ ಚಾರ್ಲ್ಸ್‌ನ 'ಪ್ಲುಸ್ ಉಲ್ತ್ರಾ' (ಇನ್ನೂ ಆಚೆಗೆ) ಎಂಬ ಲ್ಯಾಟಿನ್ ಘೋಷವೂ ಬಂದು ಸೇರಿತು.

ಪದ್ಯಗಳ ಅನುವಾದವಿರುವ ಪುಸ್ತಕ ಕೊಂಡಿದ್ದೇನೆ, ಬಂದಾಗ ಕೊಡುತ್ತೇನೆ. ಅಮ್ಮನಿಗೂ ಭಾವನಿಗೂ ನಮಸ್ಕಾರ ತಿಳಿಸು.

ನಿನ್ನ ತಮ್ಮ